ಪೈಲಟ್ ಸಾಹೇಬರ ಕಂಪ್ಯೂಟರು, ಅವ್ವನ ಪೆಟ್ಟಿಗೆಯ ಸೀರೆ

ನನ್ನ ಬಲಗಿವಿಗೆ ಒಂದು ಕಾಲದಲ್ಲಿ ಭಾರೀ ಹೆಸರಿತ್ತು. ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಕರೆಂಟು ಕೊಟ್ಟು ಕಿವಿಗೆ ಹಿಡಿದರೆ ಸಾಕು, ಇದು ಇನ್ನೆಷ್ಟು ದಿನದ್ದು ಎಂದು ಹೇಳಿಬಿಡುತ್ತಿದ್ದೆ. ಆರೋಗ್ಯವಾಗಿರುವ ಡಿಸ್ಕು ಸಣ್ಣಗೆ ಗುಂಯ್ ಎನ್ನುತ್ತಿರುತ್ತದೆ. ಸಾಯಲು ಬಂದದ್ದು ಹಲ್ಲಿಯ ಹಾಗೆ ಲೊಚಗುಟ್ಟುತ್ತದೆ. ಮೂರು ಸಲ ಲೊಚಗುಟ್ಟಿತೋ, ಒಳಗಿರುವುದನ್ನೆಲ್ಲ ಬೇಗ ಬೇರೆ ಕಡೆ ಇಳಿಸಿಕೊಳ್ಳಬೇಕು.

ಈಗ ನೀವು ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳಲ್ಲಿ ಕಿವಿಗೊಟ್ಟು ಕೇಳುವಂಥದ್ದು ಏನೂ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬೆಟಗೇರಿಯ ನಮ್ಮ ಮನೆಗೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ವರ್ಷ ಪೈಲಟ್‌ಗಳ ಕಂಪ್ಯೂಟರ್ ನೋಡಿಕೊಂಡೀರಿ, ಹೆಲಿಕಾಪ್ಟರ್ ಎಷ್ಟು ಸಲ ಹತ್ತೀರಿ ಮೇಡಂ?" ಒಂದೇ ಸಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಆ ಒಂದು ಸಲಕ್ಕೆ ಹೇಗೆ ಹೋದೆ ಎನ್ನುವುದನ್ನು ಬರೆದಿಟ್ಟರೆ ಕೆಲಸದ ಮುಕ್ಕಾಲು ಪಾಠ ಅದರಲ್ಲೇ ಬರುತ್ತದೆ ಎಂದು ಈ ಬರಹ.

ಗದಗ ಹೊಸ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಕ್ಯಾಂಪಿನ ನಕಾಶೆಗಳ ಮೇಲೆ ಇನ್ನೂ ಧಾರವಾಡ ಜಿಲ್ಲೆ ಎಂದೇ ಇತ್ತು; ಕುಲಕರ್ಣಿ ಸಾಹೇಬರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ ಗದಗ ಎಂದು ದುಂಡಗೆ ಬರೆಯುತ್ತಿದ್ದರು. ಅವರು ಕ್ಯಾಂಪಿನ ಮುಖ್ಯಸ್ಥರು. ಕಪ್ಪತಗುಡ್ಡದ ಸುತ್ತ, ಶಿರಹಟ್ಟಿ ಮುಂಡರಗಿ ಕಡೆಯ ನೆಲದೊಳಗೆ ಯಾವ ಕಲ್ಲಿದೆ, ಯಾವ ಲೋಹವಿದೆ ಎಂದು ಮೇಲಿನಿಂದ ಅಳೆಯುವುದು ನಮ್ಮ ಕಂಪನಿ ಹಿಡಿದ ಕೆಲಸ. ಹೊಂಬಳ ರಸ್ತೆಯ ಪಕ್ಕ ಖಾಲಿ ಬಿದ್ದ ಶೇಂಗಾ ಗೋದಾಮು ನಮ್ಮ ಆಫೀಸು, ಅದರ ಮುಂದಿನ ಬಯಲು ಹೆಲಿಕಾಪ್ಟರ್ ಇಳಿಯುವ ಜಾಗ. ಮೊದಲ ವಾರ ಹಳ್ಳಿಯ ಜನ ಟ್ರ್ಯಾಕ್ಟರು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದರು.

ಹೆಲಿಕಾಪ್ಟರು ನೆಲಕ್ಕೆ ಹತ್ತಿರವಾಗಿ, ಹೊಲದಲ್ಲಿ ಎತ್ತು ಸಾಲು ಹೊಡೆದ ಹಾಗೆ, ಒಂದು ಸಾಲು ಹೋಗಿ ಪಕ್ಕದ ಸಾಲಿನಲ್ಲಿ ತಿರುಗಿ ಬರಬೇಕು. ಅಳೆಯುವ ಯಂತ್ರ ತನ್ನಷ್ಟಕ್ಕೆ ಅಳೆಯುತ್ತಿರುತ್ತದೆ. ಆದರೆ ಯಾವ ಅಳತೆ ಯಾವ ಜಾಗದ್ದು ಎಂದು ಗೊತ್ತಾಗುವುದು ಪೈಲಟ್‌ನ ಮಗ್ಗುಲಲ್ಲಿ ಕೂರಿಸಿದ ಲ್ಯಾಪ್‌ಟಾಪಿನಿಂದ. ಅದು ಪರದೆಯ ಮೇಲೆ ಸಾಲನ್ನು ತೋರಿಸುತ್ತ, ಹಾರಿದ ದಾರಿಯನ್ನು ಬರೆದಿಟ್ಟುಕೊಳ್ಳುತ್ತ ಹೋಗುತ್ತದೆ. ಆ ದಾರಿಯ ಫೈಲು ಕೆಟ್ಟರೆ ಅಂದು ಹಾರಿದ್ದೆಲ್ಲ ನೀರಿನಲ್ಲಿ ಹೋಮ. ಆ ಲ್ಯಾಪ್‌ಟಾಪುಗಳ ಯೋಗಕ್ಷೇಮ ನನ್ನದು. ಮಗ್ಗದ ಮನೆಯ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ.

ಪೈಲಟ್ ಕ್ಯಾಪ್ಟನ್ ನದಾಫ್ ಲಕ್ಷ್ಮೇಶ್ವರದವರು. ಮನೆತನದ ಕಸುಬು ಅರಳೆ ಹಿಂಜಿ ಗಾದಿ ತುಂಬುವುದು. ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ದೇಶವೆಲ್ಲ ತಿರುಗಿದರೂ ಅವರ ಬಾಯಲ್ಲಿ ಲಕ್ಷ್ಮೇಶ್ವರದ ಮಾತು ಹಾಗೇ ಇತ್ತು. ನನ್ನನ್ನು ಮೊದಲ ದಿನದಿಂದಲೇ ತಂಗಿ ಎಂದು ಕರೆದರು.

ಆ ಮೊದಲ ದಿನವೇ ಅವರು ಒಂದು ತಪ್ಪು ಮಾಡಿದರು. ಸಾಲು ಮುಗಿಸಿ ಬರುವಾಗ ದಾರಿ ಬಿಟ್ಟು ಹೋಗಿ ತಮ್ಮ ಅಪ್ಪನ ಅಂಗಡಿಯ ಮೇಲೆ ಒಂದು ಸುತ್ತು ಹಾಕಿ ಬಂದರು. ಇಳಿದವರು ತಾವೇ ಕುಲಕರ್ಣಿ ಸಾಹೇಬರ ಮುಂದೆ ಹೋಗಿ ನಿಂತರು. "ತಪ್ಪ ಮಾಡೀನ್ರಿ. ನಮ್ಮಪ್ಪ ಅಂಗಡ್ಯಾಗ ಕುಂತು ಮ್ಯಾಲೆ ನೋಡಾಕತ್ತಿದ್ದ. ಕೈ ತಡಿಲಿಲ್ಲ. ಇನ್ನೊಮ್ಮಿ ಆಗೂದಿಲ್ಲ." ಸಾಹೇಬರು ಷರಾ ಬರೆದರು. ಮೂರು ಷರಾ ಬಿದ್ದರೆ ಪೈಲಟ್‌ನನ್ನು ವಾಪಸು ಕಳಿಸುವುದು ಕಂಪನಿಯ ನಿಯಮ. ಹಾಗೆ ವಾಪಸಾದವನನ್ನು ಆ ವಯಸ್ಸಿನಲ್ಲಿ ಇನ್ನೊಂದು ಕಂಪನಿ ಬಾಗಿಲೊಳಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಕ್ಯಾಪ್ಟನ್‌ರಿಗೆ ಹಾರುವುದು ಬಿಟ್ಟರೆ ಬೇರೆ ಏನೂ ಬೇಕಾಗಿರಲಿಲ್ಲ.

ಎರಡನೆಯ ಷರಾ ಬಿದ್ದದ್ದು ಹಾರ್ಡ್ ಡಿಸ್ಕಿನ ದೆಸೆಯಿಂದ. ಡಿಸ್ಕಿನೊಳಗೆ ಒಂದು ತಟ್ಟೆ ಗರಗರ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಒಂದು ಮುಳ್ಳು ಓಡಾಡಿ ಬರೆಯುತ್ತದೆ. ಮುಳ್ಳು ತಟ್ಟೆಗೆ ತಾಗಿತೋ, ಗೀರು ಬಿದ್ದು ಬರೆದದ್ದು ಹೋಯಿತು. ಮೇಜಿನ ಮೇಲೆ ವರ್ಷಗಟ್ಟಲೆ ಬಾಳುವ ಡಿಸ್ಕು ಹೆಲಿಕಾಪ್ಟರಿನ ನಡುಕಕ್ಕೆ ಹದಿನೈದು ದಿನ ತಡೆದರೆ ಹೆಚ್ಚು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಡುಕ ಕಡಿಮೆ ಮಾಡಲು ನಾನು ರಬ್ಬರು ಇಟ್ಟೆ, ಸ್ಪಂಜು ಇಟ್ಟೆ. ಆಗ ಕ್ಯಾಪ್ಟನ್ ಹೇಳಿದರು, "ತಂಗಿ, ನಡಗೂದು ನಿಲ್ಲಸೂದು ಅಂದ್ರ ನಮ್ಮ ಮನಿ ವಿದ್ಯಾ." ಲಕ್ಷ್ಮೇಶ್ವರದಿಂದ ಹೂವಿನಂತೆ ಹಿಂಜಿದ ಅರಳೆಯ ಪುಟ್ಟ ಗಾದಿಯೊಂದು ಬಂತು, ಅಂಚಿಗೆ ಹೊಲಿಗೆ ಹಾಕಿ, ಅರಳೆ ಜಾರದಂತೆ ನಡುವೆ ದಾರದ ಗುಬ್ಬಿ ಕಟ್ಟಿ. ಕಂಪ್ಯೂಟರು ಅದರ ಮೇಲೆ ಬಾಣಂತಿಯ ಹಾಗೆ ಮಲಗಿತು. ಕಪ್ಪತಗುಡ್ಡದ ಮೇಲೆ ಹೋದಾಗ ತಟ್ಟನೆ ಆರಿಹೋಯಿತು. ಕೆಳಗಿನ ಗಾಳಿಕಿಂಡಿಗಳನ್ನು ಗಾದಿ ಮುಚ್ಚಿತ್ತು, ಒಳಗೆ ಕಾವು ಏರಿ ಡಿಸ್ಕಿನ ಕತೆಯೂ ಮುಗಿದಿತ್ತು. ಅರ್ಧ ಗಂಟೆಗೊಮ್ಮೆ ಉಳಿಸುತ್ತಿದ್ದ ಫೈಲಿನಲ್ಲಿ ಮುಂಜಾನೆಯ ಸಾಲುಗಳು ಅರೆಬರೆ ಇದ್ದವು. "ಗಾದಿ ಹಾಕಿ ಮಲಗಸೂದು ಮನಿಶಾನ್ನ, ಯಂತ್ರನ್ನಲ್ಲ," ಎಂದು ಕುಲಕರ್ಣಿ ಸಾಹೇಬರು ಎರಡನೆಯ ಷರಾ ಬರೆದರು. ಗಾದಿ ಇಡಲು ಒಪ್ಪಿದವಳು ನಾನು, ಷರಾ ಬಿದ್ದದ್ದು ಅವರ ಹೆಸರಿಗೆ. ನನಗೆ ಎರಡು ದಿನ ಊಟ ಸೇರಲಿಲ್ಲ.

ಆ ಸಿಟ್ಟಿನಲ್ಲಿ ನಾನೊಂದು ಏರ್ಪಾಡು ಮಾಡಿದೆ. ಅರ್ಧ ಗಂಟೆಗೊಮ್ಮೆ ಉಳಿಸುತ್ತಿದ್ದ ಫೈಲನ್ನು ಸೆಕೆಂಡಿಗೊಮ್ಮೆ ಉಳಿಸುವಂತೆ ಬದಲಿಸಿದೆ. ಇನ್ನು ಡಿಸ್ಕು ಸತ್ತರೂ ಹೋಗುವುದು ಒಂದು ಸೆಕೆಂಡಿನ ದಾರಿ ಮಾತ್ರ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ದಿನಗಳಲ್ಲಿ ಬೆಟಗೇರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನನ್ನ ಅಕ್ಕನ ಗಂಡ ಹೊಸ ಡಿಜಿಟಲ್ ಕ್ಯಾಮೆರಾ ತಂದಿದ್ದ. ಅದರಲ್ಲಿ ರೀಲಿಲ್ಲ, ಶೇಂಗಾ ಚಿಕ್ಕಿಯ ತುಂಡಿನಷ್ಟು ಒಂದು ಕಾರ್ಡು. ಮದುವೆ ಮನೆಯಲ್ಲಿ ಅದು ಅವನ ಕೈಜಾರಿ ಮೆಟ್ಟಿಲ ಮೇಲಿಂದ ಉರುಳಿ ಹೋಗಿತ್ತಂತೆ, ಒಂದು ಫೋಟೋ ಸಹ ಹೋಗಿರಲಿಲ್ಲ. ನಾನು ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದೆ. ಒಳಗೆ ತಟ್ಟೆಯಿಲ್ಲ, ಮುಳ್ಳಿಲ್ಲ. ಅಲುಗಾಡುವುದೇ ಏನೂ ಇಲ್ಲದಿದ್ದರೆ ನಡುಗಿಸಿ ಕೆಡಿಸುವುದೇನನ್ನು? ಹುಬ್ಬಳ್ಳಿಯಿಂದ ಒಂದು ಅಡಾಪ್ಟರು ತರಿಸಿ, ಡಿಸ್ಕಿನ ಜಾಗದಲ್ಲಿ ಕಾರ್ಡು ಕೂರಿಸಿದೆ. ಅಭ್ಯಾಸಬಲ, ಕಿವಿಗೆ ಹಿಡಿದೆ. ಉಸಿರೇ ಇಲ್ಲ. ಸತ್ತಿದೆಯೋ ಎಂದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು.

"ಫೋಟೋದವರ ಆಟಗಿ ಸಾಮಾನು ಇದು," ಎಂದರು ಕುಲಕರ್ಣಿ ಸಾಹೇಬರು. "ನಂಬೂದು ಹ್ಯಾಂಗ?"

"ಇದಕ್ಕ ಏನೂ ಆಗೂದಿಲ್ರಿ ಸರ್. ಬೇಕಾರ ಬರದ ಕೊಡ್ತೀನಿ," ಎಂದೆ ನಾನು.

"ಬರೀರಿ," ಎಂದರು. ಬರೆದುಕೊಟ್ಟೆ. ಅವರು ಅದನ್ನು ಫೈಲಿಗೆ ಹಚ್ಚಿದರು.

ಸುಮಾರು ಒಂದು ತಿಂಗಳು ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು. ಶಿರಹಟ್ಟಿ ಕಡೆಯದು ಮುಗಿದು ಮುಂಡರಗಿ ತಾಲ್ಲೂಕಿಗೆ ಬಂದೆವು. ಕ್ಯಾಪ್ಟನ್ ಇಳಿದ ಕೂಡಲೇ, "ತಂಗಿ, ನಿನ್ನ ಮೂಗಬಸಪ್ಪ ಇವತ್ತೂ ಕೆಲಸ ಮಾಡ್ಯಾನ," ಎಂದು ಕಂಪ್ಯೂಟರು ಕೈಗಿಡುತ್ತಿದ್ದರು. ಸದ್ದೇ ಮಾಡದ ಕಾರ್ಡಿಗೆ ಅವರು ಇಟ್ಟ ಹೆಸರು ಅದು.

ಒಂದು ಮಂಗಳವಾರ ಮಧ್ಯಾಹ್ನ ಅವರು ಹೆಲ್ಮೆಟ್ ತೆಗೆಯುತ್ತ, "ಹಿರೇವಡ್ಡಟ್ಟಿ ಹನ್ನೆರಡೂ ಸಾಲು ಮುಗಿಸಿ ಬಂದೀನಿ," ಎಂದರು. ನಾನು ಕಾರ್ಡು ತೆರೆದೆ. ಸೋಮವಾರದ ಫೈಲಿತ್ತು, ಮಂಗಳವಾರದ್ದು ಇರಲಿಲ್ಲ. ಬರೆಯಲು ಬರುವುದಿಲ್ಲ ಎಂಬ ಒಂದು ಸಾಲಿನ ಸಂದೇಶ ಮೂಲೆಯಲ್ಲಿ ಕೂತಿತ್ತು. ಹಾರುವಾಗ ಪರದೆಯ ಮೇಲೆ ದಾರಿ ಕಾಣುತ್ತಲೇ ಇತ್ತು. ಕಾರ್ಡಿನೊಳಗೆ ಮಾತ್ರ ಏನೂ ಇಳಿದಿರಲಿಲ್ಲ. ಸಾಲಿನ ಚಿತ್ರದ ಹಿಂದೆ ಮುಚ್ಚಿಹೋಗಿದ್ದ ಆ ಸಂದೇಶ ಕ್ಯಾಪ್ಟನ್‌ರಿಗೆ ಕಾಣುವಂತೆಯೂ ಇರಲಿಲ್ಲ.

ಕುಲಕರ್ಣಿ ಸಾಹೇಬರು ನಾನು ಬರೆದುಕೊಟ್ಟ ಕಾಗದವನ್ನು ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಕಾರ್ಡಿಗೆ ಏನೂ ಆಗೂದಿಲ್ಲ ಅಂತ ಇವರ ಬರದ ಕೊಟ್ಟಾರ. ಹಂಗಾರ ಕ್ಯಾಪ್ಟನ್ ಸಾಹೇಬ್ರ, ಕಾರ್ಡು ಸುಳ್ಳ ಹೇಳೂದಿಲ್ಲ. ಬರಿಯೂದನ್ನ ನೀವ ಬಂದ ಮಾಡಿರಬೇಕು. ಎಲ್ಲಿ ಹೋಗಿದ್ರಿ? ಲಕ್ಷ್ಮೇಶ್ವರಕ್ಕ?"

ಕ್ಯಾಪ್ಟನ್ ಮುಖ ಕಪ್ಪಿಟ್ಟಿತು. "ಹೋಗಿದ್ರ ಹೋಗೀನಿ ಅಂತಿದ್ದೆ. ಅವತ್ತ ಹೇಳಲಿಲ್ಲೇನ್ರಿ ನಾನ?" ಎಂದಷ್ಟೇ ಹೇಳಿ ಹೊರಗೆ ನಡೆದರು.

"ಸೋಮವಾರ ಟಪಾಲು ಹೋಗತದ," ಎಂದರು ಸಾಹೇಬರು ನನಗೆ. "ಅದರಾಗ ಮೂರನೇ ಷರಾ ಹೋಗತದ. ಅಷ್ಟರಾಗ ಏನರ ತೋರಸೂದಿದ್ರ ತೋರಸ್ರಿ." ಅವರು ಕೆಟ್ಟವರಲ್ಲ. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎನ್ನುವ ಪೈಕಿಯವರು, ಅಷ್ಟೇ.

ಮರುದಿನದಿಂದ ಹೆಲಿಕಾಪ್ಟರಿನ ತಪಾಸಣೆಯಿತ್ತು, ಹಾರಾಟವಿರಲಿಲ್ಲ. ನಾನು ಬಸ್ಸು ಹಿಡಿದು ಹಿರೇವಡ್ಡಟ್ಟಿಗೆ ಹೋದೆ. ಹೆಲಿಕಾಪ್ಟರ್ ಸೂಜಿಯಲ್ಲವಲ್ಲ, ಕೆಳಗಿದ್ದವರು ನೋಡಿಯೇ ಇರುತ್ತಾರೆ. ಊರ ಹೊರಗೆ ಜೋಳ ತೆನೆ ಹಿಡಿದು ನಿಂತಿತ್ತು. ಹೊಲದ ನಡುವೆ ಅಟ್ಟಣಿಗೆಯ ಮೇಲೆ ದ್ಯಾಮವ್ವ ಎಂಬ ಮುದುಕಿ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳು. ಕೆಳಗೆ ನಿಂತು ಕೇಳಿದೆ.

"ನಿನ್ನಿ ಹೆಲಿಕಾಪ್ಟರ್ ಬಂದಿತ್ತೇನಬೇ ಇಲ್ಲೆ?"

"ಬರಲಾರದೇನು! ಹನ್ನೊಂದ ಸಲ ಬಂತು ನೋಡವ್ವಾ. ಬಂದಾಗೊಮ್ಮಿ ಹಕ್ಕಿ ಎಲ್ಲಾ ಪರಾರಿ. ಹನ್ನೊಂದ ಸಲ ನಾ ಕವಣಿ ಬೀಸಲಿಲ್ಲ. ನಿಮ್ದ ಏನು ಅದು? ದಿನಾ ಕಳಸಬೇ."

ನನಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು. ಆದರೂ ಕೇಳಿದೆ, "ಹನ್ನೆರಡ ಸಲ ಅಂತಾರಲ್ಲಬೇ ನಮ್ಮ ಸಾಹೇಬ್ರು?"

"ಹನ್ನೊಂದ. ಆಮ್ಯಾಲೆ ಇಳದು ಬುತ್ತಿ ಬಿಚ್ಚಿದೆ. ಉಣ್ಣುವಾಗ ನಾ ಮ್ಯಾಲೆ ನೋಡೂದಿಲ್ಲ, ಹಕ್ಕಿ ಬರಲಿ ಏನ ಬರಲಿ." ಸ್ವಲ್ಪ ಯೋಚಿಸಿ, "ನಿಮ್ಮ ಸಾಹೇಬಗ ಇನ್ನೊಮ್ಮಿ ಬರಾಕ ಹೇಳು. ಪೂರಾ ಎಣಿಸಿ ಹೇಳ್ತೀನಿ," ಎಂದಳು.

ಕ್ಯಾಪ್ಟನ್ ಇದನ್ನು ಕೇಳಿ ಮಂಗಳವಾರದ ನಂತರ ಮೊದಲ ಸಲ ನಕ್ಕರು. "ನನ್ನ ಹನ್ನೆರಡನೇ ಸಾಲು ಮುದುಕಿ ರೊಟ್ಟಿ ಜೋಡಿ ತಿಂದಬಿಟ್ಲು ತಂಗಿ." ಕುಲಕರ್ಣಿ ಸಾಹೇಬರೂ ಗಮನವಿಟ್ಟು ಕೇಳಿದರು. ಕೇಳಿ, "ಎಲ್ಲಾ ಖರೆ. ಆದರ ದ್ಯಾಮವ್ವನ್ನ ಫೈಲಿಗೆ ಹ್ಯಾಂಗ ಹಚ್ಚೂದ್ರಿ?" ಎಂದರು.

ಕಾರ್ಡು ಯಾಕೆ ಕೆಟ್ಟಿತು ಎಂದು ತೋರಿಸದ ಹೊರತು ಬೇರೆ ದಾರಿ ಉಳಿದಿರಲಿಲ್ಲ. ಗುರುವಾರ ತಲೆ ಕೆಟ್ಟು ಬೆಟಗೇರಿಗೆ, ಅವ್ವನ ಮನೆಗೆ ಹೋದೆ. ಅವ್ವ ಪೆಟ್ಟಿಗೆಯ ಬಟ್ಟೆಗಳಿಗೆ ಬಿಸಿಲು ತೋರಿಸುತ್ತಿದ್ದಳು. ನನ್ನನ್ನು ಕಂಡವಳೇ ಒಂದು ರೇಷ್ಮೆ ಸೀರೆಯನ್ನು ಮುಖದ ಮುಂದೆ ಹಿಡಿದಳು. ನನ್ನ ಮದುವೆಗೆಂದು ಅಪ್ಪ ಮಗ್ಗದಲ್ಲಿ ಕೂತು ನೇಯ್ದದ್ದು. ಮಡಿಕೆಯ ಉದ್ದಕ್ಕೂ ಗೆರೆ ಕೊರೆದ ಹಾಗೆ ಸೀಳಿತ್ತು.

"ಉಟ್ಟು ಹರದಿದ್ದಲ್ಲ ಇದು. ಇಟ್ಟು ಹರದಿದ್ದು," ಎಂದು ಅವ್ವ ಬಯ್ದಳು. "ಎಷ್ಟ ಸಲ ಹೇಳೀನಿ, ಬಿಚ್ಚಿದಾಗೊಮ್ಮಿ ಮಡಿಕಿ ಬದಲ ಮಾಡಬೇಕು ಅಂತ? ನೀ ತಗದು ನೋಡ್ತಿ, ಮತ್ತ ಅದ ಮಡಿಕಿ ಮ್ಯಾಲ ಮಡಚಿ ಇಡ್ತಿ. ಸೀರಿ ಎಲ್ಲಾ ಹೊಸಾದೈತಿ, ಮಡಿಕಿ ಒಂದ ಸತ್ತೈತಿ."

ನಾನು ಆ ಸೀಳನ್ನೇ ನೋಡುತ್ತ ಕೂತೆ. ಅಪ್ಪನ ಕೈಯ ನೇಯ್ಗೆ ಎಂದು ಕಣ್ಣು ತುಂಬಿತು, ಅದೇ ಹೊತ್ತಿಗೆ ತಲೆಯೊಳಗೆ ಗಂಟೆ ಬಾರಿಸಿತು. ಸೋಮವಾರದ ಫೈಲು ಹಾಗೇ ಇದೆ. ಹಳೆಯದೆಲ್ಲ ಓದಲು ಬರುತ್ತದೆ. ಕಾರ್ಡೆಲ್ಲ ಹೊಸದು, ಒಂದೇ ಒಂದು ಜಾಗ ಸತ್ತಿದೆ. ಯಾವ ಜಾಗ? ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಪಟ್ಟಿ ಪ್ರತಿ ಕಾರ್ಡಿನಲ್ಲೂ ಇರುತ್ತದೆ. ಫೈಲು ಉಳಿಸಿದಾಗೊಮ್ಮೆ ಆ ಪಟ್ಟಿಯನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದಾಗಿ ಬರೆಯಬೇಕು. ನಾನು ಸೆಕೆಂಡಿಗೊಮ್ಮೆ ಉಳಿಸಲು ಹಚ್ಚಿದ್ದೆ. ತಿರುಗುವ ತಟ್ಟೆಗೆ ಅದು ಲೆಕ್ಕಕ್ಕಿಲ್ಲ. ಈ ಕಾರ್ಡಿನ ಒಂದೊಂದು ಜಾಗಕ್ಕೂ ಇಷ್ಟೇ ಸಲ ಅಳಿಸಿ ಬರೆಯಬಹುದು ಎಂಬ ಆಯುಷ್ಯವಿದೆ. ದಿನಕ್ಕೆ ಸಾವಿರಾರು ಸಲ, ಒಂದು ತಿಂಗಳಿಡೀ, ಅದೇ ಮಡಿಕೆಯ ಮೇಲೆ ಮಡಚಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನಗೆ ಮದ್ದು ಸಿಕ್ಕಿದ್ದು ಅವ್ವನ ಪೆಟ್ಟಿಗೆಯಲ್ಲೇ.

ಮದ್ದಿನ ಜೊತೆಗೆ ಕಹಿಯೂ ಬಂತು. ಕಾರ್ಡನ್ನು ಕೊಂದವಳು ನಾನೇ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ, ಉಣ್ಣಬೇಕಾದವರು ಕ್ಯಾಪ್ಟನ್ ಆಗಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಟಗೇರಿಯಿಂದ ಕ್ಯಾಂಪಿನ ತನಕ ಆಟೋದಲ್ಲಿ ಕೂತು ಅದನ್ನೇ ಯೋಚಿಸಿದೆ. ಅವತ್ತು ತಾವೇ ಹೋಗಿ ಸಾಹೇಬರ ಮುಂದೆ ನಿಂತ ಕ್ಯಾಪ್ಟನ್ ಕಣ್ಣ ಮುಂದೆ ಬಂದರು. ನಾಚಿಕೆಯಾಯಿತು.

ಶುಕ್ರವಾರ ಮುಂಜಾನೆ, ಗಾದಿ ಇಡಲು ಒಪ್ಪಿದವಳು ನಾನೇ ಎನ್ನುವುದನ್ನೂ ಸೇರಿಸಿ, ಎಲ್ಲವನ್ನೂ ಬರೆದುಕೊಟ್ಟೆ. ಕುಲಕರ್ಣಿ ಸಾಹೇಬರು ಎರಡು ಸಲ ಓದಿದರು. "ನೀವು ಇನ್ನೂ ಕಾಯಂ ಆಗಿಲ್ಲ. ಗೊತ್ತದ ಅಲ್ಲ?"

"ಗೊತ್ತೈತ್ರಿ ಸರ್."

"ಕ್ಯಾಪ್ಟನ್‌ನ್ನ ಉಳಸಲಿಕ್ಕೆ ಹೇಳಲಿಕ್ಕತ್ತಿಲ್ಲ ಅನ್ನೂದಕ್ಕ ಏನು ಪುರಾವೆ?"

"ನಿಮ್ಮ ಮೇಜಿನ ಮ್ಯಾಲ, ನಿಮ್ಮ ಕಣ್ಣಮುಂದ ಇನ್ನೊಂದ ಕಾರ್ಡ್ ಕೊಂದ ತೋರಿಸ್ತೀನ್ರಿ."

ಅಕ್ಕನ ಗಂಡನ ಸ್ಟುಡಿಯೋದಿಂದ ಅಂಥದೇ ಹೊಸ ಕಾರ್ಡು ತಂದೆ. ಅದೇ ಕಂಪ್ಯೂಟರು, ಅದೇ ಫೈಲು. ಸಮಯ ಕಡಿಮೆ ಇದ್ದುದರಿಂದ ಸೆಕೆಂಡಿಗೆ ಹತ್ತಾರು ಸಲ ಉಳಿಸಲು ಹಚ್ಚಿದೆ. ನಡುಕವಿಲ್ಲ, ಧೂಳಿಲ್ಲ, ಪೈಲಟ್ ಇಲ್ಲ. ಶನಿವಾರವೆಲ್ಲ ಅದು ಜಗ್ಗಲಿಲ್ಲ. ಸಾಹೇಬರು ಆಗಾಗ ಬಂದು ಇಣುಕಿ, "ಇನ್ನೂ ಜೀವಂತ ಅದ," ಎಂದು ಹೋಗುತ್ತಿದ್ದರು. ಒಂದು ವಸ್ತು ಬೇಗ ಕೆಡಲಿ ಎಂದು ದೇವರಿಗೆ ಬೇಡಿಕೊಂಡದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಭಾನುವಾರ ಮಧ್ಯಾಹ್ನ ಚಹಾ ಕುಡಿಯುತ್ತಿದ್ದಾಗ ಪರದೆಯ ಮೂಲೆಯಲ್ಲಿ ಆ ಒಂದು ಸಾಲು ಮೂಡಿತು. ಬರೆಯಲು ಬರುವುದಿಲ್ಲ. ಹಳೆಯ ಫೈಲೆಲ್ಲ ಭದ್ರವಾಗಿತ್ತು, ಹೊಸದು ಇರಲಿಲ್ಲ. ಅಕ್ಷರ ಅಕ್ಷರವೂ ಮಂಗಳವಾರದ್ದೇ.

ಕುಲಕರ್ಣಿ ಸಾಹೇಬರು ಚಷ್ಮಾ ಏರಿಸಿ ಎರಡನ್ನೂ ತಾಳೆ ನೋಡಿದರು. ಆಮೇಲೆ ತಮ್ಮ ಕೆಂಪು ಶಾಯಿಯ ಪೆನ್ನು ತೆಗೆದು, ಧಾರವಾಡ ಜಿಲ್ಲೆಯನ್ನು ಹೊಡೆದುಹಾಕುವಷ್ಟೇ ನೀಟಾಗಿ ಮೂರನೆಯ ಷರಾವನ್ನು ಹೊಡೆದುಹಾಕಿದರು. ಎರಡನೆಯದನ್ನೂ ಹೊಡೆದರು. ಎದ್ದು ಹೊರಗೆ ಹೋಗಿ, ಹೆಲಿಕಾಪ್ಟರಿನ ಬಳಿ ನಿಂತಿದ್ದ ಕ್ಯಾಪ್ಟನ್‌ರಿಗೆ, "ತಪ್ಪಾತ್ರಿ ನದಾಫ್ ಸಾಹೇಬ್ರ," ಎಂದರು. ಅವರ ಬಾಯಿಂದ ಆ ಮಾತು ನಾನು ಮತ್ತೆಂದೂ ಕೇಳಲಿಲ್ಲ. ನನ್ನ ಹೆಸರಿಗೆ ಒಂದು ಷರಾ ಬಿತ್ತು, ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಅದು ಸರಿಯಾಗಿಯೇ ಇತ್ತು.

ಆಮೇಲೆ ಇನ್ನೊಂದು ಹೊಸ ಕಾರ್ಡನ್ನು ಏಳು ಭಾಗ ಮಾಡಿದೆ, ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಪ್ರತಿ ಭಾಗಕ್ಕೂ ಅದರದೇ ಪಟ್ಟಿ. ಉಳಿಸುವುದನ್ನು ಐದು ನಿಮಿಷಕ್ಕೊಮ್ಮೆ ಮಾಡಿದೆ. ಮುಂಜಾನೆ ಹಾರುವ ಮುಂಚೆ, "ಮಡಿಕಿ ಬದಲಾತೇನ್ರಿ?" ಎಂದು ಕೇಳುವುದು ಕ್ಯಾಂಪಿನ ಪದ್ಧತಿಯಾಯಿತು. ಬೇರೆ ರಾಜ್ಯದಿಂದ ಬಂದ ಎಂಜಿನಿಯರುಗಳೂ ಅದೇ ಮಾತು ಕಲಿತರು. ವರ್ಷಗಳ ಮೇಲೆ ಲ್ಯಾಪ್‌ಟಾಪಿಗೆಂದೇ ಮಾಡಿದ ಸಾಲಿಡ್ ಸ್ಟೇಟ್ ಡ್ರೈವುಗಳು ಬಂದವು. ಅವು ಬರೆದಾಗೊಮ್ಮೆ ಜಾಗ ಬದಲಿಸುವುದನ್ನು ತಾವೇ ಮಾಡಿಕೊಳ್ಳುತ್ತವೆ ಎಂದು ಓದಿದ ದಿನ ನಾನು ಒಬ್ಬಳೇ ಕೂತು ನಕ್ಕೆ. ಎಲ್ಲೋ ದೂರದ ದೇಶದಲ್ಲಿ ಯಾವನಿಗೋ ಅವನ ಅವ್ವ ಬಯ್ದಿರಬೇಕು. ಇವತ್ತಿನ ಡ್ರೈವಿಗೆ ನೀವು ಮಡಿಕೆ ಬದಲಿಸಬೇಕಿಲ್ಲ. ಆದರೆ ಹೊಸ ವಸ್ತು ಬಂದಾಗ ಹಳೆಯ ವಸ್ತುವಿನ ಜತನವನ್ನು ಅದಕ್ಕೆ ಹಾಗೆಯೇ ಹೊರಿಸಬೇಡಿ. ಮತ್ತೆ, ಇದಕ್ಕೆ ಏನೂ ಆಗುವುದಿಲ್ಲ ಎಂದು ಯಾರಿಗೂ ಬರೆದುಕೊಡಬೇಡಿ.

ಹಿರೇವಡ್ಡಟ್ಟಿಯ ಹನ್ನೆರಡು ಸಾಲುಗಳನ್ನು ಹೇಗೂ ಮತ್ತೆ ಹಾರಲೇಬೇಕಿತ್ತು. ಹೊರಡುವ ಮುಂಜಾನೆ ಕ್ಯಾಪ್ಟನ್, "ಕಂಪ್ಯೂಟರ್ ನೋಡಿಕೊಳ್ಳಾಕ ಒಬ್ಬರು ಬೇಕ್ರಿ," ಎಂದರು. ಕುಲಕರ್ಣಿ ಸಾಹೇಬರು ನಕಾಶೆಯಿಂದ ತಲೆಯೆತ್ತದೆ ಹೂಂ ಎಂದರು. ಹಾಗೆ ನಾನು ಹತ್ತಿದೆ. ಅದುರುವ ಕಬ್ಬಿಣದ ನಡುವೆ ಕೂತಾಗಲೇ ನನಗೆ ಗೊತ್ತಾದದ್ದು, ನನ್ನ ಹಳೆಯ ಡಿಸ್ಕುಗಳು ಹದಿನೈದು ದಿನ ತಡೆದದ್ದೇ ದೊಡ್ಡದು ಎಂದು. ಕೆಳಗೆ ಕರಿ ನೆಲ, ಜೋಳದ ಹೊಲ, ಹೊಲದ ನಡುವೆ ಅಟ್ಟಣಿಗೆಯ ಮೇಲೆ ಒಂದು ಕೆಂಪು ಸೀರೆ. ನಾವು ಹಾದಾಗೊಮ್ಮೆ ಹಕ್ಕಿಗಳ ಹಿಂಡು ಏಳುತ್ತಿತ್ತು, ಆ ಸೀರೆ ಅಲುಗುತ್ತಿರಲಿಲ್ಲ.

ಹನ್ನೊಂದನೆಯ ಸಾಲು ಮುಗಿಯುವಾಗ ಬಿಸಿಲು ನೆತ್ತಿಗೆ ಬಂದು ಎಷ್ಟೋ ಹೊತ್ತಾಗಿತ್ತು. ಊಟದ ಹೊತ್ತು ಮೀರಿತ್ತು. ಕ್ಯಾಪ್ಟನ್ ತಿರುಗಿಸಿಕೊಂಡು ಹನ್ನೆರಡನೆಯ ಸಾಲಿಗೆ ಬಂದರು. ಕೆಂಪು ಸೀರೆ ಅಟ್ಟಣಿಗೆಯ ಮೇಲೇ ಇತ್ತು. ದ್ಯಾಮವ್ವ ಎದ್ದು ನಿಂತು, ಕಲ್ಲಿಲ್ಲದ ಕವಣೆಯನ್ನು ತಲೆಯ ಮೇಲೆ ಗಿರಗಿರ ತಿರುಗಿಸುತ್ತಿದ್ದಳು. ಬುತ್ತಿಯ ಗಂಟು ಅವಳ ಕಾಲ ಹತ್ತಿರ ಕಟ್ಟಿದ ಹಾಗೆಯೇ ಇತ್ತು.

"ಇನ್ನೂ ಉಂಡಿಲ್ಲ ತಂಗಿ ಆಕಿ," ಎಂದು ಕ್ಯಾಪ್ಟನ್‌ರ ದನಿ ನನ್ನ ಕಿವಿಯೊಳಗಿನ ಫೋನಿನಲ್ಲಿ ಕೇಳಿತು. "ನನ್ನ ಸಾಲು ಎಣಸಾಕ ಕುಂತಾಳ."